ಪಿನೇಗಾದ ತಿರುಪೆ ಅಜ್ಜಿ, ಜೊಲೋತಿತ್ಸಾದ ಮೆಡಲ್ ಅಜ್ಜಿ

ಚಿಕ್ಕಂದಿನಲ್ಲಿ ಸೋವಿಯತ್ ಪುಸ್ತಕ ಓದಿ ಬೆಳೆದವರಿಗೆ ಇಲ್ಯಾ ಮುರೋಮೆತ್ಸ್ ಗೊತ್ತಿರ್ತಾನೆ. ಕೈಕಾಲು ಆಡದೆ ಒಲೆ ಹತ್ರ 30 ವರ್ಷ ಕೂತಲ್ಲೇ ಕೂತಿದ್ದು, ಆಮೇಲೊಂದಿನ ಎದ್ದು ಕುದುರೆ ಹತ್ತಿ ಹೊರಟೇಬಿಟ್ಟ ರೈತನ ಮಗ. ನುಣುಪು ಕಾಗದ, ದಪ್ಪ ರಟ್ಟು, ಬಣ್ಣಬಣ್ಣದ ಚಿತ್ರ, ರೇಟು ಕೇಳಿದ್ರೆ ಪುಕ್ಕಟೆ ಕೊಟ್ಟಂಗೆ. ಆ ಪುಸ್ತಕಗಳಲ್ಲಿ ಚಿತ್ರ ಬರೆದವರ ಹೆಸರಿರ್ತಿತ್ತು, ಅನುವಾದ ಮಾಡಿದವರ ಹೆಸರಿರ್ತಿತ್ತು, ಪ್ರಿಂಟ್ ಮಾಡಿದ ಊರಿನ ಹೆಸರೂ ಇರ್ತಿತ್ತು. ಕಥೆ ಯಾರದ್ದು ಅನ್ನೋ ಜಾಗದಲ್ಲಿ ಮಾತ್ರ ‘ರಷ್ಯದ ಜಾನಪದ’ ಅಂತ ಬರೆದು ಮುಗಿಸಿರೋರು. ಆಗ ಏನೂ ಅನ್ಸಿರ್ಲಿಲ್ಲ. ಈಗ ಕೆಲವು ವರ್ಷದಿಂದ ಅದೇ ತಲೆ ತಿಂತಾ ಇದೆ. ಅಷ್ಟುದ್ದದ ಹಾಡುಗಳನ್ನ ಯಾರೋ ಒಬ್ಬರು ಬಾಯಲ್ಲೇ ಇಟ್ಕೊಂಡು ಬದುಕಿದ್ರಲ್ಲ, ಅವ್ರು ಹೊಟ್ಟೆಗೆ ಏನು ಮಾಡ್ಕೊಂಡಿದ್ರು? ಹಾಡಿದ್ದಕ್ಕೆ ಯಾರು ಕೊಡ್ತಿದ್ರು, ಎಷ್ಟು ಕೊಡ್ತಿದ್ರು, ಕೊಡದಿದ್ರೆ ಏನಾಗ್ತಿತ್ತು?

ಇದನ್ನ ಹಿಡ್ಕೊಂಡು ಓದ್ತಾ ಹೋದಾಗ ಇಬ್ಬರು ಅಜ್ಜಿಯರು ಸಿಕ್ಕಿದ್ರು. ಇಬ್ಬರೂ ರಷ್ಯದ ಉತ್ತರದ ತುದಿಯವರು, ಅರ್ಖಾಂಗೆಲ್ಸ್ಕ್ ಸೀಮೆಯವರು. ಒಬ್ಬಳು ತಿರುಪೆ ಎತ್ತಿ ಬದುಕಿದವಳು, ಇನ್ನೊಬ್ಬಳಿಗೆ ಸರ್ಕಾರ ಮನೆ ಕಟ್ಟಿಸಿಕೊಟ್ಟಿತ್ತು. ಮೊದಲನೆಯವಳ ಬಗ್ಗೆ ಬರೆದವರೆಲ್ಲ ಕಣ್ಣಲ್ಲಿ ನೀರು ತುಂಬ್ಕೊಂಡು ಬರೀತಾರೆ, ಎರಡನೆಯವಳ ಹೆಸರು ಬಂದ್ರೆ ಮೂಗು ಮುರೀತಾರೆ. ನಂಗೆ ಈ ಕಣ್ಣೀರಿನ ಮೇಲೂ ಡೌಟು, ಆ ಮೂಗಿನ ಮೇಲೂ ಡೌಟು.

ಕೆಲಸ ನಾವು ಮಾಡ್ತೀವಿ, ನೀನು ಹಾಡು

ಈ ಹಾಡುಗಳಿಗೆ ಓದಿದವರು ಬಿಲಿನಾ ಅಂತಾರೆ, ಹಾಡೋರು ತಾವೇ ಹೇಳ್ಕೋತಿದ್ದಿದ್ದು ಸ್ತಾರಿನಾ, ಅಂದ್ರೆ ಹಳೇದು ಅಂತ. ಕೀವ್ ರಾಜ ವ್ಲಾದಿಮಿರ್, ಅವನ ಊಟದ ಪಂಕ್ತಿಯಲ್ಲಿ ಕೂರೋ ವೀರರು, ನೊವ್ಗೊರೊದ್ ಅನ್ನೋ ಊರಿನ ವ್ಯಾಪಾರಿ ಸಾದ್ಕೊ, ಇವಾನ್ ದಿ ಟೆರಿಬಲ್, ಇವರೆಲ್ಲ ಬರ್ತಾರೆ. ತಮಾಷೆ ಅಂದ್ರೆ ಕೀವ್ ಕಡೆ ಈ ಹಾಡು ಯಾರಿಗೂ ನೆನಪಿರಲಿಲ್ಲ, ಅಲ್ಲಿಂದ ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ಉತ್ತರಕ್ಕೆ, ಕಾಡು ಕೆರೆ ಕೆಸರಿನ ಮಧ್ಯೆ ಮೀನು ಹಿಡ್ಕೊಂಡಿದ್ದವರ ಬಾಯಲ್ಲಿ ಉಳ್ಕೊಂಡಿತ್ತು. ಅದು ಹೊರಗಿನವರಿಗೆ ಗೊತ್ತಾಗಿದ್ದೂ ಹೆಚ್ಚುಕಮ್ಮಿ ಅಕಸ್ಮಾತ್ತಾಗಿ. ಪಾವೆಲ್ ರಿಬ್ನಿಕೋವ್ ಅನ್ನೋ ಯುವಕನನ್ನ ಸರ್ಕಾರ ಪೆತ್ರೊಝವೋದ್ಸ್ಕ್‌ಗೆ ಗಡೀಪಾರು ಮಾಡಿತ್ತು. 1860ರಲ್ಲಿ ಒನೇಗಾ ಸರೋವರ ದಾಟೋವಾಗ ಗಾಳಿ ಜೋರಾಗಿ, ದೋಣಿ ಒಂದು ನಡುಗಡ್ಡೆಗೆ ಹತ್ತಿಸಬೇಕಾಯ್ತು, ಗುಡಿಸಲಲ್ಲಿ ಜನ ತುಂಬಿದ್ರು ಅಂತ ಹೊರಗೇ ಬೆಂಕಿ ಪಕ್ಕ ಚೀಲದ ಮೇಲೆ ಮಲಗಿದ. ನಿದ್ದೆ ಮಧ್ಯೆ ಯಾವುದೋ ವಿಚಿತ್ರ ಹಾಡು ಕೇಳಿ ಎಚ್ಚರ ಆಯ್ತು. ನಾಕಾರು ರೈತರು ಕೂತಿದ್ದಾರೆ, ಬಿಳಿ ಗಡ್ಡದ ಮುದುಕನೊಬ್ಬ ಸಾದ್ಕೊ ಕಥೆ ಹಾಡ್ತಾ ಇದ್ದಾನೆ. ರಿಬ್ನಿಕೋವ್ ಆಮೇಲೆ 4 ಸಂಪುಟ ಹೊರತಂದ, 1861ರಿಂದ 1867ರ ಒಳಗೆ. ಪೀಟರ್ಸ್‌ಬರ್ಗ್‌ನ ಪಂಡಿತರಲ್ಲಿ ಕೆಲವರಿಗೆ ಇದು ಈ ಗಡೀಪಾರಾದವನೇ ಕೂತು ಕಟ್ಟಿದ್ದು ಅನ್ನೋ ಅನುಮಾನ ಬಂತು. ಅವರಿಗೆ ನಂಬಿಕೆ ಬರೋಕೆ 1871ರಲ್ಲಿ ಗಿಲ್ಫರ್ದಿಂಗ್ ಅನ್ನೋ ವಿದ್ವಾಂಸ ತಾನೇ ಹೋಗಿ ಒಂದೇ ಬೇಸಿಗೇಲಿ 70 ಜನರ ಬಾಯಿಂದ 318 ಹಾಡು ಬರ್ಕೊಂಡು ಬರಬೇಕಾಯ್ತು. ಮಾರನೇ ವರ್ಷ ಮತ್ತೆ ಹೋದವನು ದಾರೀಲೇ ಜ್ವರ ಬಂದು ತೀರ್ಕೊಂಡ.

ಗಿಲ್ಫರ್ದಿಂಗ್ ಗಮನಿಸಿದ ಒಂದು ವಿಷಯ ನಂಗೆ ತುಂಬ ಇಷ್ಟ. ಹಾಡೋರಿಗೆ ‘ಹಾಡಬೇಡ, ನಿಧಾನಕ್ಕೆ ಹೇಳು, ಬರ್ಕೋತೀನಿ’ ಅಂದ್ರೆ ಛಂದಸ್ಸು ಕೈಕೊಡ್ತಿತ್ತು, ಸಾಲು ಸಾಲಾಗಿ ಇದ್ದಿದ್ದು ಮಾತಾಗಿ ಕರಗಿಹೋಗ್ತಿತ್ತು. ಅದನ್ನೇ ಹಾಡಿಸಿದ್ರೆ ತಂತಾನೇ ಕೂತ್ಕೊಳ್ತಿತ್ತು. ಅಂದ್ರೆ ಹಾಡು ತಲೆಯೊಳಗೆ ಬರೆದಿಟ್ಟ ಪಠ್ಯ ಥರ ಇರ್ಲಿಲ್ಲ, ಗಂಟಲು ಉಸಿರು ಕೆಲಸ ಶುರುಮಾಡಿದ್ರೆ ಮಾತ್ರ ಬರೋದು.

ಆ ಕಾಲದ ದೊಡ್ಡ ಹಾಡುಗಾರ ಅಂದ್ರೆ ಒನೇಗಾ ಸರೋವರದ ಕಿಝಿ ಕಡೆಯ ತ್ರೊಫಿಮ್ ರ್ಯಾಬಿನಿನ್. ಚಿಕ್ಕಂದಿನಲ್ಲೇ ಅಪ್ಪ ಅಮ್ಮ ಇಲ್ಲ, ಊರವರೇ ಸಾಕಿದ್ದು. ಮನೆಮನೆ ತಿರುಗಿ ಬಲೆ ರಿಪೇರಿ ಮಾಡ್ತಿದ್ದ ಮುದುಕನೊಬ್ಬನ ಜೊತೆ ಕೂತು ಬಲೆ ಹೊಲೀತಾ ಹೊಲೀತಾ ಹಾಡು ಕಲ್ತ. ದೊಡ್ಡವನಾದ ಮೇಲೆ ಮೀನು ಹಿಡಿಯೋಕೆ ಹೋದಾಗ ಜೊತೆಗಾರರು ‘ನೀನು ನಮ್ಮ ಗುಂಪಿಗೆ ಬಾ, ನಿನ್ನ ಕೆಲಸ ನಾವು ಮಾಡ್ತೀವಿ, ನೀನು ಹೇಳ್ತಿರು ಸಾಕು’ ಅಂತಿದ್ರಂತೆ. ಇದು ಬರೀ ಹೊಗಳಿಕೆಯಲ್ಲ ಅನ್ನೋದು ಮುಖ್ಯ. ಬಿಳಿ ಸಮುದ್ರದ ಕಡೆ ಮೀನಿಗೆ, ಸೀಲ್ ಬೇಟೆಗೆ ಹೋಗೋ ತಂಡಗಳಿಗೆ ಅರ್ತೇಲ್ ಅಂತಾರೆ, ಸಿಕ್ಕಿದ್ದನ್ನ ಪಾಲು ಹಾಕ್ಕೋಳೋ ಗುಂಪು. ಗಾಳಿ ಬಿಟ್ಟೂಬಿಡದೆ ಬೀಸೋ ದಿನ ಗುಡಿಸಲಲ್ಲಿ ಸುಮ್ನೆ ಕೂತಿರ್ಬೇಕು, ಚಳಿಗಾಲದಲ್ಲಿ ಸೂರ್ಯ ಮುಖ ತೋರಿಸಿ ಹೋದ ಅಂದ್ರೆ ಆಯ್ತು, ಉಳಿದಿದ್ದೆಲ್ಲ ರಾತ್ರಿ. ಅಲ್ಲಿ ಚೆನ್ನಾಗಿ ಹೇಳೋನು ಹಾಡೋನು ಒಬ್ಬ ಇದ್ರೆ ಅವನಿಗೂ ಒಂದು ಪಾಲು ಸಿಗ್ತಿತ್ತು. ಹಿಟ್ಟಿನ ಗಿರಣಿ ಹತ್ರ ಸರದಿ ಕಾಯೋವಾಗ, ಮರ ಕಡಿಯೋ ಕ್ಯಾಂಪಲ್ಲಿ, ಎಲ್ಲಾ ಕಡೆ ಇದೇ ಕಥೆ. ಈಸ್ಟರ್‌ಗೆ ಮುಂಚಿನ ದೊಡ್ಡ ಉಪವಾಸದ ವಾರಗಳಲ್ಲಿ ಮೋಜಿನ ಹಾಡು ಹಾಡಿದ್ರೆ ಪಾಪ, ಆದ್ರೆ ಸ್ತಾರಿನಾ ಹಾಡಬಹುದು, ಅದು ಪಾಪದ ಲೆಕ್ಕಕ್ಕೆ ಬರ್ತಿರಲಿಲ್ಲ. ಹಂಗಾಗಿ ಹಾಡಿಗೆ ಯಾವಾಗಲೂ ಒಂದು ಮಾರ್ಕೆಟ್ ಇತ್ತು (ಈ ಪದಕ್ಕೆ ಜಾನಪದ ಪ್ರಿಯರು ಬೈದ್ರೂ ಪರವಾಗಿಲ್ಲ). ಯಾರೋ ಕೊಡ್ತಿದ್ರು, ಇವನು ಹಾಡ್ತಿದ್ದ.

ಮಾಖೊಂಕಾ

ಗಂಡಸಾದ್ರೆ ಅರ್ತೇಲ್ ಇತ್ತು. ಹೆಂಗಸಿಗೆ? ಅಲ್ಲಿಗೆ ಮೊದಲನೇ ಅಜ್ಜಿ ಬರ್ತಾಳೆ. ಮಾರಿಯಾ ದ್ಮಿತ್ರಿಯೆವ್ನಾ ಕ್ರಿವೊಪೊಲೆನೊವಾ, ಹುಟ್ಟಿದ್ದು 1843, ಪಿನೇಗಾ ನದಿ ಕಡೆಯ ಉಸ್ತ್-ಯೆಝುಗಾ ಅನ್ನೋ ಹಳ್ಳಿ. ತೀರಾ ಸಣ್ಣ ಆಳು, ಅದಕ್ಕೇ ಜನ ಮಾಖೊಂಕಾ ಅಂತಿದ್ರು, ನಮ್ಮ ಲೆಕ್ಕದಲ್ಲಿ ಪುಟಾಣಿ. ಹಾಡು ಕಲ್ತಿದ್ದು ತಾತನಿಂದ, ನಿಕಿಫೋರ್ ಕಬಾಲಿನ್ ಅಂತ, ನೂರು ದಾಟಿ ಬದುಕಿದ ಮನುಷ್ಯ, ಬಿಳಿ ಸಮುದ್ರದ ಬೇಟೆಗೆ ಹೋಗಿ ಬಂದವನು. ಅಂದ್ರೆ ಅರ್ತೇಲಿನ ಹಾಡು ತಾತನ ಜೊತೆ ಮನೆಗೆ ಬಂದು ಈ ಹುಡುಗಿ ಕಿವಿಗೆ ಬಿತ್ತು. ಹಾಡಿನ ಜೊತೆ ಬಡತನವೂ ಆಸ್ತಿ ಥರ ಬಂತು. ಚಿಕ್ಕ ವಯಸ್ಸಿಗೇ ಬುಟ್ಟಿ ಹಿಡ್ಕೊಂಡು ತಿರುಪೆಗೆ ಹೊರಟಳು, ಮದುವೆ ಆಯ್ತು, ಗಂಡನ ಮನೇಲೂ ಏನೂ ಇಲ್ಲ, ಮತ್ತೆ ಅದೇ ಬುಟ್ಟಿ.

ಪಿನೇಗಾ ಸೀಮೇಲಿ ಭೂಮಿ ಅಷ್ಟಕ್ಕಷ್ಟೆ. ಬೇಸಿಗೆ ಚಿಕ್ಕದು, ಬೆಳೆಗೆ ಯಾವಾಗ ಹಿಮ ಬೀಳುತ್ತೋ ಹೇಳೋಕಾಗಲ್ಲ. ಇಂಥ ಕಡೆ ತಿರುಪೆ ಅಂದ್ರೆ ಒಂದು ಮನೇಲಿ ಒಂದು ತುಂಡು ರೊಟ್ಟಿ, ಇನ್ನೊಂದು ಮನೇಲಿ ಅದೂ ಇಲ್ಲ, ರಾತ್ರಿ ಯಾರ ಮನೇಲಿ ಬಾಗಿಲು ತೆಗೀತಾರೋ ಅಲ್ಲಿ ಒಲೆ ಪಕ್ಕ ಜಾಗ. ಮಲಗೋಕೆ ಜಾಗ ಕೊಟ್ಟ ಮನೇಲಿ ಹಾಡ್ತಿದ್ಳು, ಮಕ್ಕಳು ಸುತ್ತ ಕೂರ್ತಿದ್ರು. ನಾನು ಓದಿದ ಎಷ್ಟೋ ಬರಹಗಳಲ್ಲಿ ಈ ತಿರುಪೆ ವಿಷಯವನ್ನ ‘ಬಡತನದಲ್ಲೂ ಕಲೆಯನ್ನ ಉಳಿಸಿಕೊಂಡಳು’ ಅನ್ನೋ ಥರ ಬರೀತಾರೆ. ನಂಗೆ ಅದು ಉಲ್ಟಾ ಅನ್ಸುತ್ತೆ. ಊರೂರು ತಿರುಗದೆ ಮನೇಲೇ ಹೊಟ್ಟೆತುಂಬ ಉಂಡು ಕೂತಿದ್ರೆ ಅವಳಿಗೆ ದಿನಾ ಸಂಜೆ ಹೊಸ ಕೇಳುಗರು ಎಲ್ಲಿಂದ ಬರ್ತಿದ್ರು? ಯಾವ ಹಾಡು ಯಾವ ಮನೇಲಿ ನಡೆಯುತ್ತೆ, ಎಲ್ಲಿ ನಗಿಸಬೇಕು, ಎಲ್ಲಿ ಎಳೀಬೇಕು ಅನ್ನೋದು ಹಸಿದವಳಿಗೆ ಗೊತ್ತಾಗೋವಷ್ಟು ಚೆನ್ನಾಗಿ ಬೇರೆಯವರಿಗೆ ಗೊತ್ತಾಗಲ್ಲ. ಹಂಗಂತ ಹಸಿವನ್ನ ಸ್ವಾತಂತ್ರ್ಯ ಅಂತ ಕರೆಯೋಕೆ ನಂಗೆ ಮನಸ್ಸಿಲ್ಲ, ಅದನ್ನ ಹೊಟ್ಟೆ ತುಂಬಿದವರು ಮಾತ್ರ ಕರೀಬಹುದು.

1900ರಲ್ಲಿ ಅಲೆಕ್ಸಾಂದ್ರ್ ಗ್ರಿಗೋರ್ಯೆವ್ ಅನ್ನೋ ಸ್ಟೂಡೆಂಟ್ ಈ ಕಡೆ ಹಾಡು ಸಂಗ್ರಹಕ್ಕೆ ಬಂದ, ಅಜ್ಜಿಯ ಹಾಡುಗಳನ್ನ ಬರ್ಕೊಂಡ, 1904ರಲ್ಲಿ ಅದು ಪ್ರಿಂಟೂ ಆಯ್ತು. ಅವಳಿಗೆ ಆಗ 57. ಪುಸ್ತಕ ಬಂದಿದ್ದರಿಂದ ಅವಳ ಬುಟ್ಟಿಗೆ ಏನು ಬಿತ್ತು ಅಂತ ಕೇಳಿದ್ರೆ, ಏನೂ ಇಲ್ಲ. ಇನ್ನೂ 15 ವರ್ಷ ಅವಳು ಅದೇ ದಾರೀಲಿ ಅದೇ ಬುಟ್ಟಿ ಹಿಡ್ಕೊಂಡು ಓಡಾಡ್ತಿದ್ಳು, ವಿಶ್ವವಿದ್ಯಾಲಯದ ಲೈಬ್ರರಿಗಳಲ್ಲಿ ಅವಳ ಹಾಡಿಗೆ ಫುಟ್‌ನೋಟ್ ಬೀಳ್ತಾ ಇತ್ತು.

ಬಾರುಕೋಲು ಕಮಾನಾದ ಹಾಡು

ಆ ಪುಸ್ತಕದಲ್ಲಿ ಒಂದು ಹಾಡಿದೆ, ಅದು ಇವಳ ಬಾಯಿಂದ ಬಿಟ್ಟು ಬೇರೆ ಯಾರ ಬಾಯಿಂದಲೂ ದಾಖಲಾಗಿಲ್ಲ. ವವೀಲೋ ಮತ್ತು ಸ್ಕೊಮೊರೋಖರ ಹಾಡು. ಸ್ಕೊಮೊರೋಖ್ ಅಂದ್ರೆ ಊರೂರು ತಿರುಗಿ ಕುಣಿದು, ಬಾರಿಸಿ, ಕರಡಿ ಆಡಿಸಿ, ದೊಡ್ಡವರನ್ನ ಗೇಲಿ ಮಾಡಿ ಬದುಕೋರು. ಇವರ ಕಾಟ ತಡೀಲಾರದೆ ಝಾರ್ ಅಲೆಕ್ಸೇಯ್ 1648ರಲ್ಲಿ ಆಟ ನಿಲ್ಲಿಸಿ, ವಾದ್ಯ ಒಡೆದು ಸುಟ್ಟುಹಾಕಿ ಅಂತ ಆರ್ಡರ್ ಹೊರಡಿಸಿದ್ದ.

ಹಾಡು ಹಿಂಗಿದೆ. ನೆನೀಲಾ ಅನ್ನೋ ವಿಧವೆಯ ಮಗ ವವೀಲೋ ಹೊಲ ಉಳ್ತಾ ಇದ್ದಾನೆ. ಆ ದಾರೀಲಿ ಇಬ್ಬರು ಸ್ಕೊಮೊರೋಖರು ಬರ್ತಾರೆ, ಕುಜ್ಮಾ ಮತ್ತೆ ದೆಮ್ಯಾನ್. (ಇವು ಚರ್ಚಿನ ಇಬ್ಬರು ಸಂತರ ಹೆಸರು, ಚರ್ಚು ಶಾಪ ಹಾಕ್ತಿದ್ದ ಕುಣಿಯೋರ ವೇಷದಲ್ಲಿ ಸಂತರೇ ಬರೋದು, ಇದನ್ನ ತಿರುಪೆ ಅಜ್ಜಿ ಹಾಡೋದು, ಯೋಚ್ನೆ ಮಾಡಿ.) ಬಾ, ನಮ್ಮ ಜೊತೆ ನಾಯಿರಾಜನ ಊರಿಗೆ ಹೋಗಿ ಅವನನ್ನ ವಾದ್ಯದಲ್ಲಿ ಸೋಲಿಸೋಣ ಅಂತಾರೆ. ರಾಜನ ಹೆಸರೇ ಸೊಬಾಕಾ, ನಾಯಿ. ವವೀಲೋ ನಂಗೆ ಹಾಡೋಕೆ ಬರಲ್ಲ, ಬಾರಿಸೋಕೂ ಬರಲ್ಲ ಅಂತಾನೆ. ನೀನು ಶುರು ಮಾಡು, ನಾವು ಕೈಜೋಡಿಸ್ತೀವಿ ಅಂತಾರೆ. ಶುರು ಮಾಡ್ತಾನೆ, ನೋಡಿದ್ರೆ ಕೈಯಲ್ಲಿದ್ದ ಬಾರುಕೋಲು ಪಿಟೀಲಿನಂಥ ವಾದ್ಯ ಬಾರಿಸೋ ಕಮಾನಾಗಿದೆ, ಹಿಡಿದಿದ್ದ ಹಗ್ಗ ರೇಷ್ಮೆ ತಂತಿಯಾಗಿದೆ. ಇದಾದ್ಮೇಲೆ ಇವರು ಸಾಮಾನ್ಯದವರಲ್ಲ ಅಂತ ಅವನಿಗೆ ಗೊತ್ತಾಗುತ್ತೆ. ದಾರೀಲಿ ಬಟಾಣಿ ಬಡೀತಿದ್ದ ಒಬ್ಬ ರೈತ ಇವರನ್ನ ಆಡ್ಕೋತಾನೆ. ನಾಯಿರಾಜನ ಅಂಗಳದ ಸುತ್ತ ಬೇಲಿ ಇದೆ, ಒಂದೊಂದು ಗೂಟಕ್ಕೂ ಒಂದೊಂದು ತಲೆ ಚುಚ್ಚಿದ್ದಾರೆ, ಮೂರು ಗೂಟ ಮಾತ್ರ ಖಾಲಿ, ಅದು ನಿಮಗೇ ಅಂತಾನೆ. ಅವನಿಗೆ ಸರಿಯಾಗೇ ಆಗುತ್ತೆ. ಮುಂದೆ ಹೊಳೇಲಿ ಬಟ್ಟೆ ಒಗೀತಿದ್ದ ಹುಡುಗಿ ಸಿಗ್ತಾಳೆ, ಗೆದ್ದು ಬನ್ನಿ ಅಂತ ಒಳ್ಳೆ ಮಾತಾಡ್ತಾಳೆ, ಇವರು ಬಾರಿಸ್ತಾರೆ, ಅವಳ ಒರಟು ನಾರಿನ ಬಟ್ಟೆಯೆಲ್ಲ ರೇಷ್ಮೆಯಾಗುತ್ತೆ. ಕೊನೆಗೆ ನಾಯಿರಾಜನ ಎದುರು ಆಟ. ವವೀಲೋ ಬಾರಿಸ್ತಾನೆ, ಸಂತರು ಸೇರಿಸ್ತಾರೆ, ರಾಜ್ಯಕ್ಕೆ ಬೆಂಕಿ ಬಿದ್ದು ಈ ಅಂಚಿಂದ ಆ ಅಂಚಿನವರೆಗೆ ಸುಟ್ಟುಹೋಗುತ್ತೆ. ವವೀಲೋನ ಪಟ್ಟಕ್ಕೆ ಕೂರಿಸ್ತಾರೆ, ಅವನು ಹೋಗಿ ಅಮ್ಮನ್ನ ಕರ್ಕೊಂಡು ಬರ್ತಾನೆ.

ರಷ್ಯದಲ್ಲಿ ಮೆಡಿಕಲ್ ಓದಿ ಬಂದ ನನ್ನ ಗೆಳೆಯನೊಬ್ಬನಿಗೆ ನನ್ನ ಫೋನಿನ ಸ್ಕ್ರೀನ್ ಮೇಲೆ ಇದರ ಮೂಲ ತೋರಿಸಿ ಓದಿಸಿದ್ದೆ. ಕ್ಲಿನಿಕ್ ಮುಚ್ಚೋ ಹೊತ್ತು, ಕೊನೇ ಪೇಷಂಟ್ ಹೋಗಿದ್ದ. ಇದ್ಯಾವ ರಷ್ಯನ್ನೋ ಮಾರಾಯ, ಅರ್ಧಕ್ಕರ್ಧ ಗೊತ್ತಾಗಲ್ಲ ಅಂತ ಗೊಣಗ್ತಾನೇ ಶುರು ಮಾಡಿದ. ಪಲ್ಲವಿ ಥರ ಒಂದು ಮಾತು ತಿರುಗಿ ತಿರುಗಿ ಬರುತ್ತೆ, ನುಡಿಸು ವವೀಲೋ, ಕುಜ್ಮಾ ದೆಮ್ಯಾನ್ ಕೈಜೋಡಿಸ್ತಾರೆ ಅನ್ನೋ ಅರ್ಥದ್ದು. ಮೂರನೇ ಸಲ ಅದು ಬರೋ ಹೊತ್ತಿಗೆ ಅವನು ಓದೋದು ಬಿಟ್ಟು ರಾಗ ಎಳೀತಾ ಇದ್ದ, ಟೇಬಲ್ ಮೇಲೆ ಬೆರಳಲ್ಲಿ ತಾಳ ಬೇರೆ. ಕಾಂಪೌಂಡರ್ ಬಂದು ಬಾಗಿಲಲ್ಲಿ ನಿಂತು ಡಾಕ್ಟ್ರಿಗೆ ಏನಾಯ್ತು ಅಂತ ನನ್ನ ಮುಖ ನೋಡಿದ. ರೇಷ್ಮೆ ಬಟ್ಟೆ ಸಾಲು ಬಂದಾಗ ಗೆಳೆಯ ಒಂದು ಮಾತು ಹೇಳಿದ. ಗಮನಿಸಿದ್ಯಾ, ಇದರಲ್ಲಿ ಒಳ್ಳೆ ಮಾತಾಡಿದವರಿಗೆ ಸಿಗುತ್ತೆ, ಆಡ್ಕೊಂಡವರಿಗೆ ಬೀಳುತ್ತೆ, ಬಾಗಿಲಿಗೆ ಬಂದವರಿಗೆ ಕೊಡಿ ಅಂತ ಹಾಡೊಳಗಿಂದಲೇ ಕೇಳ್ತಾ ಇದ್ದಾಳೆ ನಿನ್ನ ಅಜ್ಜಿ. ಅಷ್ಟು ದಿನದಿಂದ ಓದಿದ್ರೂ ನಂಗೆ ಅದು ಹೊಳೆದಿರಲಿಲ್ಲ.

ಕಲ್ಲಿನ ಮಾಸ್ಕೋ

1915ರಲ್ಲಿ ಓಲ್ಗಾ ಒಝರೋವ್‌ಸ್ಕಾಯಾ ಪಿನೇಗಾಕ್ಕೆ ಬಂದ್ಳು. ಸ್ಟೇಜ್ ಮೇಲೆ ಕಥೆ ಹೇಳೋ ಕಲಾವಿದೆ. ಅದಕ್ಕೆ ಮುಂಚೆ ತೂಕ ಅಳತೆಗಳ ಸರ್ಕಾರಿ ಸಂಸ್ಥೇಲಿ ಮೆಂಡಲೀಫ್ ಕೈಕೆಳಗೆ ಕೆಲಸ ಮಾಡಿದವಳು, ಹೌದು, ನಾವು ಹೈಸ್ಕೂಲಲ್ಲಿ ಉರು ಹೊಡೆದ ಆವರ್ತ ಕೋಷ್ಟಕದ ಮೆಂಡಲೀಫೇ. ಅವಳು ಉಳ್ಕೊಂಡಿದ್ದ ಹಳ್ಳಿಗೆ ಮಾಖೊಂಕಾ ತಿರುಪೆಗೆ ಬಂದ್ಳು, ಹಾಡಿದ್ಳು. ಮಾಸ್ಕೋಗೆ ಬರ್ತೀಯಾ ಅಂತ ಕೇಳಿದ್ದಕ್ಕೆ 72 ವರ್ಷದ, ಆ ಸೀಮೆ ಬಿಟ್ಟು ಆಚೆ ಹೋಗದ ಮುದುಕಿ ಹೂಂ ಅಂದುಬಿಟ್ಳು. ಜನ ಇದನ್ನ ಧೈರ್ಯ ಅಂತ ಬರೀತಾರೆ. ಇದ್ದಿರಬಹುದು. ಆದ್ರೆ ದಿನಾ ಬೆಳಗ್ಗೆ ಎದ್ದು ಇವತ್ತು ಯಾವ ಊರು ಅಂತ ಲೆಕ್ಕ ಹಾಕೋರಿಗೆ ಮಾಸ್ಕೋನೂ ಇನ್ನೊಂದು ಊರೇ, ಸ್ವಲ್ಪ ದೂರ ಅಷ್ಟೆ.

ಅವಳ ಹಾಡುಗಳಲ್ಲಿ ಮಾಸ್ಕೋ ಅಂದ್ರೆ ಯಾವಾಗಲೂ ಕಲ್ಲಿನ ಮಾಸ್ಕೋ. ಬಂದು ನೋಡಿದ್ರೆ ಬೀದಿಗೆಲ್ಲ ಕಲ್ಲು ಹಾಸಿದೆ, ಮನೆಗಳೂ ಕಲ್ಲಿಂದು, ಹಾಡಲ್ಲಿ ಇದ್ದಿದ್ದು ನಿಜವೇ ಅಂತ ಅವಳಿಗೆ ಖುಷಿಯಾಯ್ತಂತೆ. ಮರದ ಮನೆ ಬಿಟ್ಟು ಬೇರೆ ಕಾಣದವಳು ಅಷ್ಟು ವರ್ಷ ತಾತನ ಮಾತು ನಂಬ್ಕೊಂಡು ಹಾಡಿದ್ಳಲ್ಲ, ಆ ಖುಷಿ ನಂಗೆ ಅರ್ಥ ಆಗುತ್ತೆ.

ಪಾಲಿಟೆಕ್ನಿಕ್ ಮ್ಯೂಸಿಯಮ್ಮಿನ ಹಾಲು. ಮೊದಲ ಮಹಾಯುದ್ಧದ ಎರಡನೇ ವರ್ಷ, ಸಿಟಿ ಜನ, ಸ್ಟೂಡೆಂಟ್ಸು, ಕಲಾವಿದರು ಎಲ್ಲ ತುಂಬಿದ್ದಾರೆ. ತಲೆಗೆ ಬಟ್ಟೆ ಕಟ್ಟಿದ ಒಂದು ಹಿಡಿ ಆಳು ಬಂದು ನಿಂತು ಹಾಡೋಕೆ ಶುರುಮಾಡಿದ್ಳು. ವೀರರ ಹಾಡಿಗೆ ಜನ ಮೆಚ್ಚಿ ಚಪ್ಪಾಳೆ ತಟ್ಟಿದ್ರು ಅನ್ನೋದು ಆಶ್ಚರ್ಯ ಅಲ್ಲ, ನಂಗೆ ಹಿಡಿಸಿದ್ದು ಬೇರೆ. ಅವಳ ಹತ್ರ ಒಂದು ಉಲ್ಟಾಪಲ್ಟಾ ಹಾಡಿತ್ತು, ಹಸು ಅಳಿಲನ್ನ ನೋಡಿ ಬೊಗಳುತ್ತೆ, ಕುರಿ ಗೂಡಲ್ಲಿ ಕೂತು ಮೊಟ್ಟೆ ಇಡುತ್ತೆ, ಆಕಾಶದಲ್ಲಿ ಕರಡಿ ಹಾರುತ್ತೆ, ಈ ಥರದ್ದು. ಇದನ್ನ ಹಾಡೋವಾಗ ಇಡೀ ಹಾಲನ್ನ ಪಲ್ಲವಿಗೆ ಸೇರಿಸ್ಕೊಂಡುಬಿಟ್ಳು, ಕೋಟು ಟೈ ಹಾಕ್ಕೊಂಡವರೆಲ್ಲ ಬಾಯಿ ಬಿಟ್ಟು ಹಾಡಿದ್ರು. ಮೈಕ್ ಇಲ್ಲ, ಯಾವ ಟ್ರೇನಿಂಗೂ ಇಲ್ಲ. ರಾತ್ರಿ ಜಾಗ ಕೊಟ್ಟ ಮನೆಯ ಮಕ್ಕಳನ್ನ ಸೇರಿಸ್ಕೊಂಡು ಹಾಡಿಸ್ತಿದ್ದ ಅಭ್ಯಾಸ, ಅದನ್ನೇ ಇಲ್ಲೂ ಮಾಡಿದ್ಳು. ಆಮೇಲೆ ಪೆತ್ರೊಗ್ರಾದ್ (ಪೀಟರ್ಸ್‌ಬರ್ಗ್‌ಗೆ ಆಗಿದ್ದ ಹೆಸರು), ದಕ್ಷಿಣದ ಊರುಗಳು, ಎಲ್ಲ ಕಡೆ ಕರ್ಕೊಂಡು ಹೋದ್ರು. ಶಿಲ್ಪಿ ಕೊನೆನ್ಕೋವ್ 1916ರಲ್ಲಿ ಅವಳನ್ನ ಮರದಲ್ಲಿ ಕೆತ್ತಿದ, ಕೈಯಲ್ಲಿ ಕೋಲು ಹಿಡಿದ ಮುದುಕಿ, ಅದು ಈಗ ಮಾಸ್ಕೋದ ತ್ರೆತ್ಯಾಕೋವ್ ಗ್ಯಾಲರೀಲಿದೆ. ಅದೇ ವರ್ಷ ಅವಳ ಹಾಡಿನ ಪುಸ್ತಕಾನೂ ಒಝರೋವ್‌ಸ್ಕಾಯಾ ತಂದ್ಳು.

ಆಮೇಲೆ? ಊರಿಗೆ ವಾಪಸ್. ಕ್ರಾಂತಿ ಆಯ್ತು, ಅಂತರ್ಯುದ್ಧ ಆಯ್ತು, ಉತ್ತರದಲ್ಲಿ ತಿನ್ನೋಕೆ ಇರಲಿಲ್ಲ, ಬುಟ್ಟಿ ಮತ್ತೆ ಕೈಗೆ ಬಂತು. 1921ರಲ್ಲಿ ಹೊಸ ಸರ್ಕಾರದ ಶಿಕ್ಷಣ ಮಂತ್ರಿ ಲುನಚಾರ್ಸ್ಕಿ ಅವಳನ್ನ ಮಾಸ್ಕೋಗೆ ಕರೆಸಿದ, ಪೆನ್ಷನ್ ಮಾಡಿಸಿದ, ರೇಷನ್ ಮಾಡಿಸಿದ. ಅವಳು ತಾನೇ ಹೆಣೆದ ಉಣ್ಣೆ ಕೈಗವಸು ತಂದು ಅವನಿಗೆ ಕೊಟ್ಟಳು. ಈ ಕೈಗವಸಿನ ವಿಷಯವನ್ನ ಎಲ್ಲರೂ ಮುದ್ದಾಗಿ ಹೇಳ್ತಾರೆ, ನಂಗೇನೋ ಅದರಲ್ಲಿ ಲೆಕ್ಕ ಚುಕ್ತಾ ಮಾಡೋ ಹಠ ಕಾಣುತ್ತೆ, ತಗೊಂಡಿದ್ದಕ್ಕೆ ಏನಾದ್ರೂ ಕೊಡಲೇಬೇಕು ಅನ್ನೋದು. 1924ರ ಫೆಬ್ರವರಿ 2ಕ್ಕೆ ತೀರ್ಕೊಂಡಳು, ವೇಗೋರಿ ಅನ್ನೋ ಹಳ್ಳೀಲಿ, ತನ್ನ ಮನೇಲಲ್ಲ. ತಿರುಪೆ ಮುಗಿಸಿ ಬರೋವಾಗ ಹಿಮಗಾಳಿಗೆ ಸಿಕ್ಕಿದ್ಳು, ದಾರಿಹೋಕರು ತಂಗೋ ಮನೆಯೊಂದಕ್ಕೆ ತಂದು ಮಲಗಿಸಿದ್ರು ಅಂತ ಹೇಳ್ತಾರೆ. ಸಾಯೋವಾಗಲೂ ಹಾಡ್ತಿದ್ಳು ಅಂತ ಒಂದು ಕಥೆ ಸೇರಿಸ್ತಾರೆ, ಅದನ್ನ ನಾನು ನಂಬಲ್ಲ. 80 ವರ್ಷದ ಜೀವ, ಹಿಮದಲ್ಲಿ ನೆನೆದು ಬಂದಿದೆ, ಸುಮ್ನೆ ಬಿಡಿ ಅವಳನ್ನ.

ಪೆನ್ಷನ್ ಇದ್ದ, ಮಂತ್ರಿಗೆ ಗೊತ್ತಿದ್ದ, ಗ್ಯಾಲರಿಗೆ ಶಿಲ್ಪವಾದ ಹೆಂಗಸು ಯಾಕೆ ಫೆಬ್ರವರಿ ಚಳೀಲಿ ದಾರಿ ಮೇಲಿದ್ಳು? ಮಾಸ್ಕೋದಲ್ಲಿ ಸೈನ್ ಆದ ಕಾಗದಕ್ಕೂ ಪಿನೇಗಾದ ರೊಟ್ಟಿಗೂ ಮಧ್ಯೆ ಎಷ್ಟು ದೂರ ಅನ್ನೋದು ಒಂದು. ಇನ್ನೊಂದು, ಅವಳಿಗೆ ದಾರಿ ಬಿಟ್ಟು ಬೇರೆ ಥರ ಇರೋಕೆ ಬರ್ತಿತ್ತೋ ಇಲ್ವೋ. ಈ ಎರಡನೇದನ್ನ ಹೇಳೋಕೆ ಹೊರಟಾಗೆಲ್ಲ ನಂಗೆ ನನ್ನ ಮೇಲೇ ಅನುಮಾನ ಬರುತ್ತೆ, ಯಾಕಂದ್ರೆ ಅದನ್ನ ಒಪ್ಕೊಂಡ್ರೆ ಯಾರೂ ಯಾರಿಗೂ ಪೆನ್ಷನ್ ಕೊಡಬೇಕಾಗಲ್ಲ.

ಇನ್ನೊಬ್ಬ ಅಜ್ಜಿ

ಮಾರ್ಫಾ ಸೆಮ್ಯೊನೊವ್ನಾ ಕ್ರೂಕೊವಾ, ಹುಟ್ಟಿದ್ದು 1876, ಬಿಳಿ ಸಮುದ್ರದ ಚಳಿಗಾಲದ ತೀರ ಅಂತ ಕರೆಯೋ ಕಡೆಯ ನೀಝ್ನಯಾ ಜೊಲೋತಿತ್ಸಾ. ಅವಳ ಅಮ್ಮ ಅಗ್ರಫೇನಾ ಸಮುದ್ರದಾಚೆಯ ಇನ್ನೊಂದು ತೀರದಿಂದ ಮದುವೆಯಾಗಿ ಬಂದವಳು, ಬರೋವಾಗ ತವರಿನ ಹಾಡನ್ನೆಲ್ಲ ತಂದಿದ್ಳು. ಗಂಡನ ಮನೆಯವರೂ ಹಾಡೋ ವಂಶ. ಹಿಂಗೆ ಎರಡು ತೀರದ ಹಾಡು ಈ ಹುಡುಗಿ ಹತ್ರ ಸೇರ್ತು. ಮಾರ್ಕೋವ್ ಅನ್ನೋ ಸಂಗ್ರಾಹಕ 1899ರಲ್ಲಿ ಬಂದು ಅಮ್ಮನ ಹಾಡು ಬರ್ಕೊಂಡ. ಮಗಳ ಹೆಸರು ದೊಡ್ಡದಾಗಿದ್ದು 1930ರ ದಶಕದಲ್ಲಿ, ಆ ಹೊತ್ತಿಗೆ ಕೊಡೋ ಕೈ ಬದಲಾಗಿತ್ತು.

ಸ್ಟಾಲಿನ್ ಸರ್ಕಾರಕ್ಕೆ ಜಾನಪದ ಬೇಕಿತ್ತು, ಆದ್ರೆ ಹೊಸದು ಬೇಕಿತ್ತು. ಹಾಡೋರ ಹತ್ರ ಲೇಖಕರನ್ನ ಕಳಿಸಿದ್ರು, ಅವರು ಪೇಪರ್ ಓದಿ ಹೇಳೋರು, ನಾಯಕರ ಜೀವನಚರಿತ್ರೆ ಹೇಳೋರು, ಹಾಡೋರು ಅದನ್ನ ಹಳೇ ಮಟ್ಟಿಗೆ ಕೂರಿಸೋರು. ಸ್ತಾರಿನಾ ಇದ್ದ ಕಡೆ ನೋವಿನಾ ಬಂತು, ಹೊಸ ಹಾಡು. ಮಾರ್ಫಾಗೆ ವಿಕ್ತೊರಿನ್ ಪೊಪೋವ್ ಅನ್ನೋ ಲೇಖಕ ಸಿಕ್ಕಿದ. 1937ರ ಸುಮಾರಿಗೆ ಲೆನಿನ್ ಮೇಲೆ ಉದ್ದದ ಹಾಡು ಬಂತು, ಲೆನಿನ್ ಸತ್ತಾಗ ಕಲ್ಲಿನ ಮಾಸ್ಕೋ ಎಲ್ಲಾ ಅತ್ತಿತು ಅಂತ. ಅಂತರ್ಯುದ್ಧದ ಕಮಾಂಡರ್ ಚಪಾಯೆವ್ ಮೇಲೆ, ಸ್ಟಾಲಿನ್ ಮೇಲೆ, ಹಿಂಗೆ ಸಾಲಾಗಿ. ಪ್ರತಿಫಲವೂ ಬಂತು, ಲೇಖಕರ ಸಂಘದ ಸದಸ್ಯತ್ವ, ಸರ್ಕಾರಿ ಪದಕ, ಊರೂರು ನೋಡೋಕೆ ಪ್ರವಾಸ, ಊರಲ್ಲಿ ಒಂದು ಚೆಂದದ ಮನೆ. 1939ರಲ್ಲಿ ಮತ್ತೆ 1941ರಲ್ಲಿ ಅವಳ ಹಳೇ ಹಾಡುಗಳು ಎರಡು ದೊಡ್ಡ ಸಂಪುಟವಾಗಿ ಬಂದ್ವು, ಸಂಪುಟದ ಹೆಸರೇ ‘ಮಾ. ಸೆ. ಕ್ರೂಕೊವಾಳ ಬಿಲಿನಾಗಳು’. ಹಾಡಿದವಳ ಹೆಸರು ರಟ್ಟಿನ ಮೇಲೆ! ಅದೇ 1939ರಲ್ಲಿ, ಮಾಖೊಂಕಾಳ ಹಾಡು ಬರ್ಕೊಂಡಿದ್ದ ಗ್ರಿಗೋರ್ಯೆವ್ ತನ್ನ ಸಂಗ್ರಹದಲ್ಲಿ ಬಾಕಿ ಉಳಿದಿದ್ದ ಎರಡನೇ ಸಂಪುಟವನ್ನ ಪ್ರಾಗ್‌ನಲ್ಲಿ ಪ್ರಿಂಟ್ ಮಾಡಿಸಿದ, ಕ್ರಾಂತಿ ಆದ್ಮೇಲೆ ಅವನೂ ದೇಶ ಬಿಟ್ಟವನೇ, ಆಗ ಪ್ರಾಗ್ ಹಿಟ್ಲರ್ ಕೈಲಿತ್ತು.

ಪಂಡಿತರಿಗೆ ಮಾರ್ಫಾ ಮೇಲೆ ಎರಡು ತಕರಾರು. ಒಂದು, ಹಳೇ ಹಾಡನ್ನೂ ಅವಳು ಎಳೆದು ಎಳೆದು ಉದ್ದ ಮಾಡ್ತಾಳೆ, ಪುಸ್ತಕದಿಂದ ಬಂದಿದ್ದನ್ನೂ ಸೇರಿಸ್ತಾಳೆ. ಎರಡು, ಹೊಸ ಹಾಡೆಲ್ಲ ಸುಳ್ಳು, ಮಾಡಿಸಿದ್ದು. 1953ರಲ್ಲಿ ಸ್ಟಾಲಿನ್ ಸತ್ತ ಮೇಲೆ ಎರಡನೇದನ್ನ ಪತ್ರಿಕೆಗಳಲ್ಲಿ ಬಾಯಿಬಿಟ್ಟು ಹೇಳೋಕೆ ಧೈರ್ಯ ಬಂತು. 1954ರ ಜನವರೀಲಿ ಮಾರ್ಫಾ ಹೋದ್ಳು, ಹಂಗಾಗಿ ಈ ಜಗಳದಲ್ಲಿ ಅವಳ ಕಡೆ ಮಾತು ಯಾರೂ ಕೇಳಿಸ್ಕೊಂಡಿಲ್ಲ. ಹೇಳ್ಕೊಟ್ಟು ಬರೆಸಿದ ಲೇಖಕರ ಮೇಲೆ ಇಷ್ಟು ಕೆಸರು ಬಿದ್ದಿದ್ದು ನಾನೆಲ್ಲೂ ಕಂಡಿಲ್ಲ.

ಲೆನಿನ್ ಹಾಡು ಒಳ್ಳೇ ಹಾಡು ಅಂತ ನಾನು ವಾದ ಮಾಡಲ್ಲ. ಆದ್ರೆ ‘ದುಡ್ಡಿಗೆ ಹಾಡಿದ್ಳು’ ಅನ್ನೋದು ಬೈಗುಳ ಆಗೋದು ಹೆಂಗೆ? ರ್ಯಾಬಿನಿನ್‌ಗೆ ಮೀನಿನ ಪಾಲಿನ ಆಫರ್ ಬಂದಾಗ ಅದನ್ನ ಗೌರವ ಅಂತ ಬರ್ಕೊಂಡ್ರು, ಮಾಖೊಂಕಾ ರೊಟ್ಟಿಗೆ ಹಾಡಿದ್ದು ತ್ಯಾಗ ಆಯ್ತು, ಮಾರ್ಫಾ ಸೂರಿಗೆ ಹಾಡಿದ್ದು ಮಾತ್ರ ಮಾರಾಟ. ಹಾಡೋಳ ಕಡೆಯಿಂದ ನೋಡಿದ್ರೆ ಇದೂ ಒಂದು ಅರ್ತೇಲ್, ಬಹಳ ದೊಡ್ಡದು. ಒಂದೇ ಒಂದು ವ್ಯತ್ಯಾಸ, ಅದು ಸಣ್ಣದಲ್ಲ. ಗುಡಿಸಲಲ್ಲಿ ಕೂತ ಮೀನುಗಾರರಿಗೆ ಹಾಡು ಬೋರಾದ್ರೆ ಗೊರಕೆ ಹೊಡೀತಿದ್ರು, ಹಾಡೋನಿಗೆ ತಕ್ಷಣ ಗೊತ್ತಾಗ್ತಿತ್ತು. ಆ ಕಾಲದ ಮಾಸ್ಕೋದಲ್ಲಿ ಸ್ಟಾಲಿನ್ ಮೇಲಿನ ಹಾಡಿಗೆ ಗೊರಕೆ ಹೊಡೆಯೋ ಧೈರ್ಯ ಯಾರಿಗಿತ್ತು? ತಪ್ಪು ಎಲ್ಲಾಗ್ತಿದೆ ಅಂತ ಹೇಳೋರೇ ಇಲ್ಲದ ಕಡೆ ಎಂಥಾ ಹಾಡುಗಾರ್ತಿಯೂ ದಾರಿ ತಪ್ಪುತಾಳೆ.

ಆದ್ರೂ ಆ ಹೊಸ ಹಾಡುಗಳ ಪಟ್ಟೀಲಿ ಒಂದರ ಪರ ನಾನಿದ್ದೀನಿ, ‘ಮೊಣಕಾಲು ಗಡ್ಡದವನು’ ಅನ್ನೋ ಹಾಡು. 1934ರ ಫೆಬ್ರವರೀಲಿ ಚೆಲ್ಯೂಸ್ಕಿನ್ ಅನ್ನೋ ಹಡಗು ಉತ್ತರದ ಸಮುದ್ರದಲ್ಲಿ ಮಂಜುಗಡ್ಡೆ ಮಧ್ಯೆ ಜಜ್ಜಿ ಮುಳುಗಿ, 104 ಜನ ತೇಲೋ ಮಂಜಿನ ಮೇಲೆ ಸಿಕ್ಕಿಹಾಕ್ಕೊಂಡಿದ್ರು, ಏಪ್ರಿಲ್ ತನಕ ವಿಮಾನಗಳು ಹೋಗಿ ಕರ್ಕೊಂಡು ಬಂದ್ವು. ತಂಡದ ನಾಯಕ ಓಟೋ ಶ್ಮಿತ್, ಎದೆ ತುಂಬ ಗಡ್ಡ, ಮಾರ್ಫಾ ಅದನ್ನ ಮೊಣಕಾಲಿಗೆ ಇಳಿಸಿದ್ಳು, ಪೈಲಟ್‌ಗಳನ್ನ ಗಿಡುಗ ಮಾಡಿದ್ಳು. ಇದನ್ನೂ ಆರ್ಡರ್ ಮಾಲು ಅಂತ ಲೆನಿನ್ ಹಾಡಿನ ಜೊತೆ ಮೂಲೆಗೆ ಹಾಕಿದ್ದಾರೆ. ಆದ್ರೆ ಅವಳ ಊರು ಯಾವುದು? ಚಳಿಗಾಲದ ತೀರ. ಅಲ್ಲಿಯ ಗಂಡಸರು ಸೀಲ್ ಬೇಟೆಗೆ ಮಂಜಿನ ಮೇಲೇ ನಡ್ಕೊಂಡು ಹೋಗ್ತಿದ್ರು, ಗಾಳಿ ತಿರುಗಿದ್ರೆ ಮಂಜು ಒಡೆದು ಆಳು ಸಮೇತ ತೇಲಿಹೋಗೋದು, ವಾಪಸ್ ಬರದವರು ಎಷ್ಟೋ ಜನ. ಮಂಜಿನ ಮೇಲೆ ಸಿಕ್ಕಿಹಾಕ್ಕೊಂಡವರನ್ನ ಆಕಾಶದಿಂದ ಯಾರೋ ಬಂದು ಎತ್ಕೊಂಡು ಹೋದ್ರು ಅನ್ನೋ ಸುದ್ದಿ ಆ ಊರಿನ ಹೆಂಗಸಿಗೆ ಏನಾಗಿ ಕೇಳಿಸಿರ್ಬೇಡ! ಇದನ್ನ ಹಾಡೋಕೆ ಅವಳಿಗೆ ಯಾವ ಪೊಪೋವ್ ಕೂಡ ಹೇಳಿಕೊಡಬೇಕಿರಲಿಲ್ಲ ಅಂತ ನನ್ನ ವಾದ. ಲೆನಿನ್ ಹಾಡು ಬೇಕಾದ್ರೆ ಬಿಟ್ಟುಕೊಡ್ತೀನಿ, ಗಡ್ಡದ ಶ್ಮಿತ್‌ನ ಬಿಟ್ಟುಕೊಡಲ್ಲ.